ಗೇಣಪ್ಪನವರ ಗೇಣು

ನಾನು ಅವರನ್ನು ಮೊದಲ ಸಲ ಕಂಡಾಗ ಅವರ ಕೈ ನನ್ನ ಮನೆಯ ಕಾಂಪೌಂಡ್ ಗೋಡೆಯ ಮೇಲೆ ನಡೆಯುತ್ತಿತ್ತು. ಇದರಲ್ಲಿ ಅತಿಶಯೋಕ್ತಿ ಏನೂ ಇಲ್ಲ. ಶಾಲೆಯ ಕೆಲಸದಿಂದ ನಿವೃತ್ತನಾಗಿ, ಪುಸ್ತಕದ ಪೆಟ್ಟಿಗೆಗಳೊಡನೆ ಈ ಬೀದಿಗೆ ಬಂದಿಳಿದ ಮರುದಿನ, ವಸಂತದ ಎಳೆಬಿಸಿಲಿಗೆ ಮುಖವೊಡ್ಡೋಣವೆಂದು ಬಾಗಿಲು ತೆರೆದೆ. ಖಾಕಿ ಕೋಟು ತೊಟ್ಟ ಎತ್ತರದ ಮನುಷ್ಯರೊಬ್ಬರು ನನ್ನ ಗೋಡೆಗೆ ಬಾಗಿ ನಿಂತಿದ್ದರು. ಅವರ ಬಲಗೈ ಮಾತ್ರ, ಹೆಬ್ಬೆರಳಿನಿಂದ ಕಿರುಬೆರಳಿಗೆ ಚಾಚಿ, ಕಿರುಬೆರಳು ಊರಿದ ಜಾಗಕ್ಕೆ ಮತ್ತೆ ಹೆಬ್ಬೆರಳನ್ನು ಎಳೆದುಕೊಂಡು, ಎಲೆಯ ಮೇಲೆ ಬೆನ್ನು ಗೂನು ಮಾಡಿ ಸಾಗುವ ಹಸಿರು ಹುಳುವಿನಂತೆ ಗೋಡೆಯುದ್ದಕ್ಕೂ ಮುಂದುವರಿಯುತ್ತಿತ್ತು.

"ಯಾರು ಸ್ವಾಮಿ ತಾವು?" ಎಂದೆ.

"ಮಾತಾಡಿಸಬೇಡಿ, ಲೆಕ್ಕ ತಪ್ಪುತ್ತೆ."

ಇಡೀ ಆಯುಷ್ಯವನ್ನು ತರಗತಿಗಳಲ್ಲಿ ಇತರರನ್ನು ಸುಮ್ಮನಿರಿಸುವುದರಲ್ಲಿ ಕಳೆದ ನನ್ನನ್ನು ನನ್ನದೇ ಗೋಡೆಯ ಬಳಿ ಯಾರೋ ಸುಮ್ಮನಿರಿಸಿದ್ದರು. ಆ ಬೆರಗಿಗೆ ನಾನು ನಿಜವಾಗಿಯೂ ಸುಮ್ಮನಾದೆ. ಗೋಡೆ ಮುಗಿದ ಮೇಲೆ ಅವರು ಸೊಂಟ ನೆಟ್ಟಗೆ ಮಾಡಿಕೊಂಡು, ನನ್ನನ್ನೂ ತಲೆಯಿಂದ ಕಾಲಿನವರೆಗೆ ಕಣ್ಣಲ್ಲೇ ಒಮ್ಮೆ ಅಳೆದರು.

"ನಮ್ಮ ಗೋಡೆಗಿಂತ ಇದು ಅರ್ಧ ಗೇಣು ಮೋಟು. ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಪಕ್ಕದ ಮನೆಯವನು. ಟೀ ಕುಡೀತೀರಾ?"

ಬೀದಿಯವರು ಅವರನ್ನು ಗೇಣಪ್ಪನವರು ಎನ್ನುತ್ತಿದ್ದರು. ಬೆನ್ನ ಹಿಂದೆ ಇಟ್ಟ ಹೆಸರು ಕ್ರಮೇಣ ಎದುರಿನಲ್ಲೂ ಚಾಲ್ತಿಗೆ ಬಂದು, ಕಡೆಗೆ ಅವರೇ ಬಾಗಿಲು ತಟ್ಟಿ "ನಾನು ಗೇಣಪ್ಪ, ತೆಗೀರಿ" ಎನ್ನುವಷ್ಟು ರೂಢಿಯಾಗಿತ್ತು. ಅವರ ಉದ್ಯೋಗವೇನೆಂದು ತಿಳಿದಾಗ ನಾನು ಎರಡನೆಯ ಸಲ ದಂಗಾದೆ. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟು, ಬಟ್ಟೆ ಅಳೆಯುವ ಕೋಲುಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಆ ವರ್ಷದ ಮುದ್ರೆ ಒತ್ತುವುದು, ತಪ್ಪಿದ್ದರೆ ವಶಪಡಿಸಿಕೊಂಡು ಬರುವುದು ಅವರ ಕಾಯಕ. ವಾರವಿಡೀ ಇಂಥ ಶಾಸ್ತ್ರೋಕ್ತ ಅಳತೆಗಳ ನಡುವೆ ಬಾಳುವ ಮನುಷ್ಯ ಶನಿವಾರ ಬಂತೆಂದರೆ ಗರಗಸ, ಸುತ್ತಿಗೆ ಹಿಡಿದು ಮನೆಯ ರಿಪೇರಿಗೆ ಇಳಿಯುತ್ತಿದ್ದರು. ಅಲ್ಲಿ ಮಾತ್ರ ಟೇಪಿಲ್ಲ, ಕೋಲಿಲ್ಲ. ಗೇಣು, ಬೆರಳು, ಅಷ್ಟೇ.

"ಇದೇನು ಸಾಹೇಬರೇ, ನಿಮ್ಮ ಇಲಾಖೆಯವರು ನೋಡಿದರೆ ನಿಮ್ಮ ಮೇಲೇ ಕೇಸು ಹಾಕ್ತಾರೆ," ಎಂದು ಒಮ್ಮೆ ಕೆಣಕಿದೆ.

"ಅಳತೆಗಳನ್ನ ಹತ್ತಿರದಿಂದ ನೋಡಿರೋದಕ್ಕೇ ಹೀಗೆ ಮೇಷ್ಟ್ರೇ. ಟೇಪು ಹಿಗ್ಗುತ್ತೆ. ಕೋಲು ಸವೆಯುತ್ತೆ. ತಗಡು ಬಿಸಿಲಿಗೆ ಉಬ್ಬುತ್ತೆ. ಹುಟ್ಟಿದಾಗಿಂದ ಜೊತೇಲಿರೋದು ಈ ಕೈ ಒಂದೇ. ಅದು ನನಗ್ಯಾಕೆ ಸುಳ್ಳು ಹೇಳುತ್ತೆ?"

ನಮ್ಮ ವ್ಯಾಕರಣದಲ್ಲಿ ಪರಿಮಾಣವಾಚಕ ಎಂಬೊಂದು ವರ್ಗವಿದೆ. ಅಷ್ಟು, ಇಷ್ಟು, ಹಲವು, ಕೆಲವು, ಇತ್ಯಾದಿ. ಗೇಣಪ್ಪನವರಿಗೆ ಈ ವರ್ಗದ ಮೇಲೆ ಹಳೆಯ ದ್ವೇಷ. "ಸ್ವಲ್ಪ ಸಕ್ಕರೆ ಹಾಕಿ" ಎಂದರೆ ಚಮಚ ಗಾಳಿಯಲ್ಲೇ ನಿಲ್ಲಿಸಿ "ಸ್ವಲ್ಪ ಅಂದ್ರೆ ಎಷ್ಟು?" ಎನ್ನುವರು. "ಬೇಸಿಗೆ ಬಂದೇ ಬಿಡ್ತು ನೋಡಿ" ಎಂದರೆ "ಇನ್ನೂ ಬಂದಿಲ್ಲ" ಎನ್ನುವರು. ಅವರ ಪ್ರತಿ ವಾಕ್ಯದ ಕೊನೆಗೂ ಪೂರ್ಣವಿರಾಮದ ಹಾಗೆ ಒಂದು "ಹೆಚ್ಚಿಲ್ಲ, ಕಡಿಮೆಯಿಲ್ಲ" ಇರುತ್ತಿತ್ತು. ನಡಿಗೆಯೂ ಹಾಗೆಯೇ. ಬೀದಿಯಲ್ಲಿ ಹೋಗುವಾಗ ಒಂದು ಹೆಜ್ಜೆ ದೊಡ್ಡದು, ಒಂದು ಹೆಜ್ಜೆ ಸಣ್ಣದು ಎಂಬುದಿಲ್ಲ. ಗುಂಡಿ ಎದುರಾದರೆ ಹೆಜ್ಜೆ ಬದಲಿಸುವ ಬದಲು ಅದನ್ನು ಬಳಸಿಕೊಂಡು ಹೋಗುವರು. ಎಂದೋ ಇಲಾಖೆ ಕೊಟ್ಟಿದ್ದ ಆ ಖಾಕಿ ಕೋಟಿನ ಮೇಲಿನ ಜೇಬಿನಲ್ಲಿ ಬಡಗಿಯ ಚಪ್ಪಟೆ ಪೆನ್ಸಿಲು, ಕೆಳಗಿನ ಜೇಬಿನಲ್ಲಿ ಮೊಳೆ, ಇನ್ನೊಂದರಲ್ಲಿ ನಾಯಿಗೆಂದು ಬಿಸ್ಕತ್ತು. ಆಗಾಗ ಅವಸರದಲ್ಲಿ ಮೊಳೆಯ ಜೇಬಿಗೆ ಕೈಹಾಕಿ ನಾಯಿಯ ಮುಂದೆ ಚಾಚುತ್ತಿದ್ದರು. ನಾಯಿ ಮೂಸಿ ನೋಡಿ, ಯಜಮಾನರ ಮರ್ಯಾದೆ ಉಳಿಸಲೆಂಬಂತೆ ಒಮ್ಮೆ ಬಾಲ ಆಡಿಸಿ ಸುಮ್ಮನಾಗುತ್ತಿತ್ತು.

ಅವರ ಮನೆಯಾಕೆ ಹೊಲಿಗೆ ಮಾಡುವವರು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಿಷನ್ನು, ಕೊರಳಲ್ಲಿ ಸದಾ ಟೇಪು, ತುಟಿಗಳ ನಡುವೆ ಗುಂಡುಸೂಜಿಗಳು. ಸೂಜಿಗಳ ಸಂದಿಯಿಂದಲೇ ಮಾತಾಡುವ ಅಭ್ಯಾಸವಾದ್ದರಿಂದ ಅವರ ಮಾತೂ ಸೂಜಿಯಷ್ಟೇ ಗಿಡ್ಡ, ಅಷ್ಟೇ ಚೂಪು. ಒಂದೇ ಸೂರಿನಡಿ ಎರಡು ಸರಕಾರ ನಡೆಯುತ್ತಿತ್ತು.

"ರೀ, ಆ ಕಿಟಕಿಗೆ ಪರದೆ ಎಷ್ಟು ಬೇಕು?"

"ಆರು ಗೇಣು."

"ಯಾರ ಗೇಣು?"

"ನನ್ನ ಗೇಣು. ಇನ್ಯಾರದು?"

"ನಿಮ್ಮನ್ನೇ ಅಂಗಡಿಗೆ ಕಳಿಸಬೇಕಾಯ್ತು ಹಾಗಾದ್ರೆ," ಎಂದು ಆಕೆ, ಗಂಡ ಅತ್ತ ತಿರುಗಿದ ಮೇಲೆ ಎದ್ದು ಹೋಗಿ ಟೇಪಿನಿಂದ ಅಳೆದುಕೊಂಡು ಬರುತ್ತಿದ್ದರು. ಗಂಡನಿಗೆ ಇದು ಗೊತ್ತಿತ್ತೆಂಬುದು ಹೆಂಡತಿಗೆ ಗೊತ್ತಿತ್ತು. ಇಬ್ಬರೂ ಅದನ್ನು ಮಾತಿಗೆ ತಂದವರಲ್ಲ.

ಸ್ವಭಾವದಲ್ಲಿ ಮೃದುವಾದ ಈ ಮನುಷ್ಯ ಕರ್ತವ್ಯದಲ್ಲಿ ಎಷ್ಟು ಕಠಿಣರೆಂಬುದನ್ನು ಅವರ ಬಾಯಿಂದಲೇ ಕೇಳಿದೆ. ಪೇಟೆಯಲ್ಲಿ ಒಬ್ಬ ಮುದುಕ ಬಟ್ಟೆ ವ್ಯಾಪಾರಿಯಿದ್ದ. ತಂದೆಯ ಕಾಲದ ಅಂಗಡಿ, ತಂದೆಯ ಕಾಲದ ಅಳತೆಗೋಲು. ಅದು ಬಟ್ಟೆಗೆ ಉಜ್ಜಿ ಉಜ್ಜಿ ತುದಿಯಲ್ಲಿ ಸವೆದು ಒಂದು ಬೆರಳು ಮೋಟಾಗಿತ್ತು. ಎರಡು ವರ್ಷದಿಂದ ಮುದ್ರೆಯೂ ಬಿದ್ದಿರಲಿಲ್ಲ. ಇವರು ಕೋಲು ಕಿತ್ತುಕೊಂಡಾಗ ಮುದುಕ ಅಳುವ ಹಾಗಾಗಿ, "ಗೊತ್ತಾಗಲಿಲ್ಲ ಸ್ವಾಮಿ. ದಿನಾ ಕೈಯಲ್ಲೇ ಇತ್ತಲ್ಲ," ಎಂದನಂತೆ.

"ನೀವೇನೆಂದಿರಿ?" ಎಂದೆ.

"ದಿನಾ ಕೈಯಲ್ಲಿರೋದು ಗೊತ್ತಾಗದೇ ಇದ್ರೆ ಅದೇ ದೊಡ್ಡ ತಪ್ಪು ಅಂದೆ. ಮೋಸ ಮಾಡೋನಿಗಾದ್ರೂ ತನ್ನ ಕೋಲು ಎಷ್ಟು ಮೋಟು ಅಂತ ಗೊತ್ತಿರುತ್ತೆ."

ನನಗೆ ಆ ಮುದುಕನ ಮೇಲೆ ಕನಿಕರವೆನಿಸಿತು. ಗೇಣಪ್ಪನವರಿಗೆ ಎನಿಸಲಿಲ್ಲ. ಸತ್ಯವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರಿಗೆ ಕನಿಕರ ತುಸು ತಡವಾಗಿ ಬರುತ್ತದೆ.

ನಾನು ಬಂದ ವರ್ಷವೇ ಅವರು ನನಗೊಂದು ಪುಸ್ತಕದ ಕಪಾಟು ಮಾಡಿಕೊಟ್ಟಿದ್ದರು. ನನ್ನ ದೊಡ್ಡ ನಿಘಂಟು ಅದರಲ್ಲಿ ರಾಜನಂತೆ ನೆಟ್ಟಗೆ ನಿಂತಿತು. ಕೆಲವು ವರ್ಷಗಳ ಮೇಲೆ ಪುಸ್ತಕಗಳು ಹೆಚ್ಚಿ, ಅದೇ ಅಳತೆಯ ಇನ್ನೊಂದು ಕಪಾಟು ಬೇಕೆಂದೆ. ಮಾಡಿ ತಂದರು, ಕೆಲಸ ಮೊದಲಿನಷ್ಟೇ ಅಂದ, ಹಲಗೆಗೆ ಹಲಗೆ ಕೂದಲೂ ತೂರದಂತೆ ಕೂತಿತ್ತು. ನಿಘಂಟನ್ನು ಅದಕ್ಕೆ ವರ್ಗಾಯಿಸಹೋದರೆ ತಲೆ ಮೇಲಿನ ಹಲಗೆಗೆ ತಾಗಿತು.

ಅವರು ಬೆರಳಿಟ್ಟು ನೋಡಿದರು. "ಒಂದು ಗೇಣು ಆರು ಬೆರಳು. ಸರಿಯಾಗೇ ಇದೆ. ಈಗೀಗ ಪುಸ್ತಕಗಳನ್ನ ದೊಡ್ಡದಾಗಿ ಅಚ್ಚು ಹಾಕ್ತಾರೆ ಮೇಷ್ಟ್ರೇ."

"ಇದು ಹಳೇ ನಿಘಂಟೇ ಅಲ್ವೇ ಸಾಹೇಬರೇ."

"ಹಳೇ ಕಾಗದ ತೇವ ಕುಡಿದು ಊದಿಕೊಳ್ಳುತ್ತೆ," ಎಂದರು, ನಿಘಂಟಿನ ಬಗೆಗೆ ನಿಜವಾದ ಕಾಳಜಿಯಿಂದ.

ನಿಘಂಟು ಊದಿಕೊಂಡಿದ್ದರೂ ಇರಬಹುದೆಂದು ನಾನು ಅದನ್ನು ಅಡ್ಡ ಮಲಗಿಸಿದೆ. ಇಂಥ ಸಣ್ಣ ಸಣ್ಣ ಸೂಚನೆಗಳು ಇನ್ನೂ ಇದ್ದವು. ಮುಖ ತೊಳೆಯುವಾಗ ಕಿರುಬೆರಳು ಕಣ್ಣಿಗೆ ಚುಚ್ಚುವುದು ಸೋಪಿನ ಜಾರುವಿಕೆಯಿಂದೆಂದು ಅವರು ಸೋಪು ಬದಲಿಸಿದ್ದರು. ಹೊಸ ವರ್ಷಕ್ಕೆ ಕೈ ಕುಲುಕಿದಾಗ ಅವರ ಅಂಗೈಯಲ್ಲಿ ಬಟಾಣಿಯಂಥ ಗಂಟೊಂದು ನನಗೆ ತಾಗಿತ್ತು. ಗರಗಸದ ಜಡ್ಡು ಇರಬೇಕೆಂದುಕೊಂಡಿದ್ದೆ. ಇವೆಲ್ಲ ಒಂದಕ್ಕೊಂದು ಹೊಂದುತ್ತವೆಂದು ಯಾರಿಗೂ ಹೊಳೆಯಲಿಲ್ಲ.

ಇನ್ನು ಆ ಮನೆಯ ಪ್ರಾಣಿಗಳ ವಿಷಯ. ನಾಯಿಯ ಹೆಸರು ಗುಂಡ. ಮರಿಯಾಗಿದ್ದಾಗ ಚೆಂಡಿನಂತಿದ್ದುದರಿಂದ ಬಂದ ಹೆಸರು. ನಾನು ಕಾಣುವ ಹೊತ್ತಿಗೆ ಅದು ಬೆಳೆದು ನಿಂತ, ಕಂದುಬಣ್ಣದ, ಸಭ್ಯ ನಾಯಿ. ಬೆಕ್ಕನ್ನು ಮೇಲಧಿಕಾರಿ ಎಂದು ಕರೆಯುತ್ತಿದ್ದರು. ಗೇಣಪ್ಪನವರು ಏನೇ ಕೆಲಸ ಮುಗಿಸಲಿ, ಅದು ಬಂದು ಸುತ್ತ ಒಂದು ಸುತ್ತು ಹಾಕಿ, ಮೂಸಿ, ಅಭಿಪ್ರಾಯವೇನನ್ನೂ ಹೇಳದೆ ಹೋಗುತ್ತಿತ್ತು. "ಫೈಲು ಇನ್ನೂ ಮೇಲೇ ಇದೆ, ಸಹಿ ಆಗಿಲ್ಲ," ಎಂದು ಗೇಣಪ್ಪನವರು ನಿಟ್ಟುಸಿರು ಬಿಡುತ್ತಿದ್ದರು.

ಎರಡನೆಯ ಕಪಾಟು ಬಂದ ಮರುವರ್ಷ, ವಸಂತದ ಮೊದಲಲ್ಲಿ, ಚಳಿ ಬಿಟ್ಟು ಅಂಗಳದ ಗಿಡಗಳೆಲ್ಲ ಒಂದೇ ವಾರದಲ್ಲಿ ಚಿಗುರಿದಾಗ, ಅವರು ಗುಂಡನಿಗೊಂದು ಮಲಗುವ ಪೆಟ್ಟಿಗೆ ಮಾಡಿದರು. ಗುಂಡ ಅದರಲ್ಲಿ ಮಲಗಿದರೆ ಕಾಲು ಹೊರಗೆ ಬಂತು. ಕಾಲು ಒಳಗೆ ಎಳೆದುಕೊಂಡರೆ ತಲೆ ಹೊರಗೆ ಬಂತು. ಬಹಳ ಹೊತ್ತು ಪ್ರಯತ್ನಿಸಿ, ಎದ್ದು ಹೋಗಿ ನೆಲದ ಮೇಲೆ ಮಲಗಿತು.

"ಇವನ ಅಳತೆ ನನಗೆ ಬಾಯಿಪಾಠ. ಬೊಜ್ಜು ಬಂದಿದೆ ಇವನಿಗೆ," ಎಂದು ಗೇಣಪ್ಪನವರು ತೀರ್ಪು ಕೊಟ್ಟರು. ಅಂದಿನಿಂದ ಗುಂಡನಿಗೆ ಅರ್ಧ ತಟ್ಟೆ ಊಟ. ಕೋಟಿನ ಜೇಬಿನ ಬಿಸ್ಕತ್ತು ಬಂದ್ ಆಯಿತು. ಅವರಿಗೇನೂ ಸಂತೋಷವಿರಲಿಲ್ಲ, ನಾಯಿ ತಟ್ಟೆ ನೆಕ್ಕಿ ಮುಗಿಸಿ ಮುಖ ಎತ್ತಿ ನೋಡುವಾಗ ತಾವು ಗೋಡೆ ನೋಡುತ್ತಿದ್ದರು. "ನಿನ್ನ ಒಳ್ಳೇದಕ್ಕೇ ಕಣೋ," ಎನ್ನುತ್ತಿದ್ದರು. ಮನೆಯಾಕೆ ಒಂದೆರಡು ಸಲ "ವಯಸ್ಸಾದ ಪ್ರಾಣಿ ರೀ" ಎಂದರು. "ಅದಕ್ಕೇ ಜಾಸ್ತಿ ಹುಷಾರಾಗಿರಬೇಕು," ಎಂದು ಉತ್ತರ ಬಂತು.

ಹೀಗೆ ಕೆಲವು ವಾರ ಕಳೆದು, ಮನೆಯೊಳಗೆ ಫ್ಯಾನು ಬೇಕೆನ್ನುವಂಥ ಬೆಚ್ಚನೆಯ ಶನಿವಾರವೊಂದು ಬಂತು. ಬೀದಿಯಲ್ಲೆಲ್ಲ ಬಣ್ಣದ ಡಬ್ಬಿ, ಏಣಿ, ಒಗೆದು ಹರಡಿದ ಚಾಪೆ. ಗೇಣಪ್ಪನವರು ಅಡುಗೆಮನೆಯ ಹಿಂಬಾಗಿಲಿನ ಕೆಳಭಾಗದಲ್ಲಿ ನಾಯಿ ಬೆಕ್ಕುಗಳು ತಾವೇ ಅಂಗಳಕ್ಕೆ ಹೋಗಿ ಬರಲೆಂದು ಕಿಂಡಿಯೊಂದನ್ನು ಕೊರೆಯುವ ಕೆಲಸ ಹಿಡಿದಿದ್ದರು. ಬೆಳಗಿನಿಂದ ಗರಗಸದ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು. ಆಮೇಲೆ ಗೋಡೆಯಾಚೆಯಿಂದ, ನಾನು ಎಂದೂ ಕೇಳದ ಧ್ವನಿಯಲ್ಲಿ ಕರೆ ಬಂತು.

"ಮೇಷ್ಟ್ರೇ, ಬೇಗ ಬನ್ನಿ. ಹಿಂದಿನಿಂದ ಒಂಚೂರು ಒತ್ತಬೇಕು."

ಒಂಚೂರು! ಆ ಬಾಯಿಂದ ಆ ಪದ ಬಂದದ್ದಕ್ಕೇ ನಾನು ಚಪ್ಪಲಿ ಮೆಟ್ಟದೆ ಓಡಿದೆ.

ಅಂಗಳದ ಕಡೆಯಿಂದ ನೋಡಿದರೆ ಬಾಗಿಲಿನಲ್ಲಿ ಗುಂಡನ ಹಿಂಭಾಗ ಮಾತ್ರ ಇತ್ತು. ಮುಂಭಾಗ ಅಡುಗೆಮನೆಯಲ್ಲಿತ್ತು. ಮೊದಲು ಬೆಕ್ಕು ಕಿಂಡಿಯಲ್ಲಿ ಎರಡು ಸಲ ಓಡಾಡಿ, ಜೀವನದಲ್ಲಿ ಮೊದಲ ಬಾರಿ ಕೆಲಸಕ್ಕೆ ಒಪ್ಪಿಗೆ ಕೊಟ್ಟಿತ್ತಂತೆ. ಅದನ್ನು ನಂಬಿ ಅವರು ಒಳಗಿನಿಂದ ಗುಂಡನನ್ನು ಕರೆದಿದ್ದರು. ಯಜಮಾನ ಕರೆದರೆ ಎಲ್ಲಿಗೆ, ಹೇಗೆ ಎಂದು ಕೇಳದ ಆ ಪ್ರಾಣಿ ತಲೆ ತೂರಿಸಿ, ಮುಂಗಾಲು ದಾಟಿಸಿ, ಪಕ್ಕೆಯ ಬಳಿ ಸಿಕ್ಕಿಹಾಕಿಕೊಂಡಿತ್ತು. ಈಗ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬಿಸಿಲು ಅದರ ಬೆನ್ನ ಮೇಲೆ ನೆಟ್ಟಗೆ ಬೀಳುತ್ತಿತ್ತು, ಉಸಿರು ಗಸಗಸ ಎನ್ನುತ್ತಿತ್ತು.

ಒತ್ತಲೆಂದು ಅದರ ಪಕ್ಕೆಗೆ ಕೈಯಿಟ್ಟೆ. ಇಟ್ಟವನು ಹಾಗೇ ಹಿಂದೆಗೆದೆ. ಉಣ್ಣೆಯಂಥ ರೋಮದ ಕೆಳಗೆ ಎಲುಬುಗಳು ಒಂದೊಂದಾಗಿ ಸಿಕ್ಕವು. ಬೊಜ್ಜು ಇರಲಿ, ಮಾಂಸವೇ ಇರಲಿಲ್ಲ.

ಮುಂಬಾಗಿಲಿಂದ ಸುತ್ತಿ ಅಡುಗೆಮನೆಗೆ ಬಂದೆ. ಗೇಣಪ್ಪನವರು ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಬೆವರು ಕಿವಿಯ ಪಕ್ಕದಿಂದ ಇಳಿಯುತ್ತಿತ್ತು.

"ಸಾಹೇಬರೇ, ಇವನು ಬರೀ ಎಲುಬಾಗಿದಾನೆ."

"ಮತ್ಯಾಕೆ ಹಿಡೀತಿಲ್ಲ ಮೇಷ್ಟ್ರೇ? ಇವನ ಅಳತೆ ನನಗೆ ಗೊತ್ತಿಲ್ವಾ? ಎತ್ತರ ಎರಡು ಗೇಣು." ಎನ್ನುತ್ತ, ತಮ್ಮ ಮಾತಿಗೆ ಸಾಕ್ಷಿ ಬೇಕೆನ್ನುವಂತೆ, ನಾಯಿಯ ಮುಂಗಾಲಿನ ಬುಡದಲ್ಲಿ ಹೆಬ್ಬೆರಳೂರಿ ಭುಜದವರೆಗೆ ಗೇಣು ಹಾಕಿದರು. ಒಂದು. ಎರಡು. ಕೈ ನಿಂತಿತು. ಭುಜ ಇನ್ನೂ ಮೇಲಿತ್ತು. ಮತ್ತೊಮ್ಮೆ ಹಾಕಿದರು. "ಎರಡು ಗೇಣು ನಾಲ್ಕು ಬೆರಳು," ಎಂದರು. "ಅರ್ಧ ತಟ್ಟೆ ತಿಂದು ಇವನು ಬೆಳೆದಿದಾನೆ."

ಮನೆಯಾಕೆ ಮಿಷನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ತುಟಿಯ ನಡುವಿನ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡರು. ಸೂಜಿ ತೆಗೆದು ಅವರು ಮಾತಾಡಿದ್ದನ್ನು ನಾನು ಕಂಡದ್ದು ಅಂದೇ.

"ರೀ, ದಪ್ಪ ಆಗಿದಾನೆ ಅಂದ್ರಿ, ನಂಬಿದೆ. ಈ ವಯಸ್ಸಲ್ಲಿ ನಾಯಿ ಎತ್ತರ ಆಗುತ್ತಾ?"

ಅಂಗಳದಲ್ಲಿ ಜೇನುನೊಣಗಳ ಸದ್ದು, ನಾಯಿಯ ಉಸಿರು, ಇಷ್ಟೇ. ಗೇಣಪ್ಪನವರು ಮೆಲ್ಲಗೆ ಎದ್ದು ಅಡುಗೆಮನೆಯ ಮೇಜಿನ ಬಳಿ ಹೋದರು. ಮದುವೆಯಾದ ಹೊಸದರಲ್ಲಿ ತಾವೇ ಮಾಡಿದ ಮೇಜು; ಎಂಟು ಗೇಣು ಉದ್ದವೆಂದು ಬಂದವರಿಗೆಲ್ಲ ಹೇಳುತ್ತಿದ್ದುದು. ಕೈ ಅದರ ಅಂಚಿನ ಮೇಲೆ ನಡೆಯಿತು. ಎಂಟು ಎಂದಾಗ ಮೇಜು ಮುಗಿದಿರಲಿಲ್ಲ. ಒಂಬತ್ತು ಎಂದಾಗಲೂ ಮುಗಿದಿರಲಿಲ್ಲ. ಅಲ್ಲಿಂದ ಕಿಟಕಿಗೆ ಹೋದರು. ಕಿಟಕಿಯಿಂದ ಬಾಗಿಲ ಚೌಕಟ್ಟಿಗೆ, ಅಲ್ಲಿಂದ ಗೋಡೆಯ ಪಾತ್ರೆ ಸ್ಟ್ಯಾಂಡಿಗೆ, ಮುಟ್ಟಿದ್ದನ್ನೆಲ್ಲ ಅಳೆಯುತ್ತ, ಪ್ರತಿಯೊಂದರ ಬಳಿಯೂ ತುಸು ನಿಂತು, ಮುಂದಿನದಕ್ಕೆ ಸರಿದರು. ಕಡೆಗೆ ಕೋಣೆಯ ನಡುವೆ ನಿಂತು, ಗಟ್ಟಿಯಾಗಿ ಹೇಳಿದರೆ ನಿಜವಾಗಿಬಿಡುವುದೇನೋ ಎಂಬಂಥ ಸಣ್ಣ ಧ್ವನಿಯಲ್ಲಿ ಹೇಳಿದರು.

"ಮನೆಯೇ ಬೆಳೆದಿದೆ ಕಣೇ."

ಹಗಲಿನ ಬೆಳಕಿನಲ್ಲಿ, ಪರಿಚಿತ ಪಾತ್ರೆಪಗಡಗಳ ನಡುವೆ, ಬಲು ಸರಿಯಾದ ಮನುಷ್ಯನೊಬ್ಬನ ಲೋಕ ಕಣ್ಣೆದುರೇ ಅಳತೆ ಮೀರಿತ್ತು.

ಆಕೆ ಕೊರಳಿನ ಟೇಪು ತೆಗೆದು ಮೇಜಿನ ಮೇಲೆ ಹರಡಿದರು. "ಆರಡಿ. ನೀವು ಮಾಡಿದ ದಿನ ನಾನು ಕದ್ದು ಅಳೆದಿದ್ದೆ. ಆಗಲೂ ಆರಡಿ." ಆಮೇಲೆ ಗಂಡನ ಬಲಗೈ ಹಿಡಿದು ತಂದು ಮೇಜಿನ ಮೇಲಿಟ್ಟರು. "ಅಂಗೈ ಮಟ್ಟಸವಾಗಿ ಇಡಿ ನೋಡೋಣ."

"ಇಟ್ಟಿದೀನಲ್ಲ."

"ಇನ್ನೂ ಒತ್ತಿ."

"ಇಷ್ಟೇ ಹೋಗೋದು."

ಎಡಗೈಯನ್ನು ಪಕ್ಕದಲ್ಲಿಡಿಸಿದರು. ಅದು ಒದ್ದೆ ಎಲೆಯಂತೆ ಮೇಜಿಗೆ ಅಂಟಿಕೊಂಡಿತು. ಬಲಗೈ ಮಾತ್ರ, ಕೆಳಗೆ ಗುಬ್ಬಿಮರಿಯೊಂದನ್ನು ಬಚ್ಚಿಟ್ಟುಕೊಂಡಂತೆ, ಕಮಾನಾಗಿ ಎದ್ದು ನಿಂತಿತ್ತು. ಕಿರುಬೆರಳೂ ಉಂಗುರದ ಬೆರಳೂ ಒಳಕ್ಕೆ ಬಾಗಿ, ಎಷ್ಟು ಒತ್ತಿದರೂ ನೆಟ್ಟಗಾಗಲಿಲ್ಲ. ಆಕೆ ಟೇಪಿನ ತುದಿಯನ್ನು ಒಂದು ಕಡೆಯಿಂದ ತೂರಿಸಿದರೆ ಅದು ಅಂಗೈಯ ಕೆಳಗಿಂದ ಹಾದು ಇನ್ನೊಂದು ಕಡೆ ಬಂತು. ಕಿಟಕಿಯ ಬಿಸಿಲೂ ಅದೇ ದಾರಿಯಲ್ಲಿ ಹಾದುಹೋಗುತ್ತಿತ್ತು.

"ಎಲ್ಲಾರ ಕೋಲಿಗೂ ವರ್ಷ ವರ್ಷ ಮುದ್ರೆ ಹಾಕ್ತೀರಿ," ಎಂದರು ಆಕೆ, ನಗದೆ. "ನಿಮ್ಮ ಕೈ ನೋಡಿಸಿ ಎಷ್ಟು ವರ್ಷ ಆಯ್ತು?"

ಗೇಣಪ್ಪನವರು "ಹೆಚ್ಚಿಲ್ಲ," ಎಂದು ಆರಂಭಿಸಿದರು. ಮುಂದಿನ ಪದ ಬರಲಿಲ್ಲ.

ಆಗ ಗುಂಡ ಒಮ್ಮೆ ಕುಂಯ್‌ಗುಟ್ಟಿತು. ಮೂವರೂ ಬೆಚ್ಚಿಬಿದ್ದೆವು, ಕೈಯ ಗಾಬರಿಯಲ್ಲಿ ನಾಯಿಯನ್ನೇ ಮರೆತಿದ್ದೆವು. ಅದರ ನಾಲಿಗೆ ಉದ್ದಕ್ಕೆ ಜೋತುಬಿದ್ದಿತ್ತು, ಕಣ್ಣು ಮಂಕಾಗಿತ್ತು. ಗೇಣಪ್ಪನವರು ಗರಗಸಕ್ಕೆ ಕೈ ಚಾಚಿ, ಹಿಡಿದು, ಬಾಗಿಲಿನವರೆಗೂ ಹೋಗಿ, ಅಲ್ಲಿ ನಿಂತುಬಿಟ್ಟರು. ನಾಯಿಯ ಪಕ್ಕೆಗೂ ಹಲಗೆಗೂ ನಡುವೆ ಎಷ್ಟು ಜಾಗವಿದೆಯೆಂದು ಆ ಕೈಯನ್ನು ನಂಬಿ ಹೇಳುವುದು ಇನ್ನು ಹೇಗೆ? ಗರಗಸವನ್ನು ಹೆಂಡತಿಯತ್ತ ನೀಡಿದರು.

"ಟೇಪು ತಗೋ. ನೀನೇ ಅಳತೆ ಹಾಕು. ನೀನೇ ಕೊಯ್ಯಿ."

ಆಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬಾಗಿಲ ಮೇಲೆ ಗೆರೆ ಎಳೆದರು. ನಾನು ಅಂಗಳದ ಕಡೆಯಿಂದ ನಾಯಿಯ ಮೈಗೆ ಒದ್ದೆ ಗೋಣಿಚೀಲ ಹೊದಿಸಿ ಗರಗಸ ತಾಗದಂತೆ ಹಿಡಿದುಕೊಂಡೆ. ಮರ ಗಟ್ಟಿಯಿತ್ತು. ಆಕೆಗೆ ಕತ್ತರಿಯ ಅಭ್ಯಾಸವೇ ಹೊರತು ಗರಗಸದ್ದಲ್ಲ. ಒಂದು ಸಲ ಅಲಗು ಜಾರಿ ಗುಂಡ ಬೆದರಿ ಒದ್ದಾಡಿತು. ಆಗ ಗೇಣಪ್ಪನವರು ನೆಲಕ್ಕೆ ಕೂತು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಬಾಗಿದ ಅಂಗೈಯಿಂದ ಅದರ ಕಣ್ಣು ಮುಚ್ಚಿದರು. ಮೇಜಿನ ಮೇಲೆ ಕೂರದ ಕೈ ನಾಯಿಯ ಹಣೆಯ ಉಬ್ಬಿಗೆ ಹೇಳಿ ಮಾಡಿಸಿದಂತೆ ಕೂತಿತು. ನಾಯಿ ಸುಮ್ಮನಾಯಿತು.

ಹಲಗೆ ಕಳಚಿ ಬಿದ್ದಾಗ ಗುಂಡ ಒಳಗೆ ಕುಸಿದು, ತುಸು ಹೊತ್ತು ಮಲಗಿದ್ದು, ನೀರು ಕುಡಿದು ಎದ್ದಿತು. ಪಕ್ಕೆಯ ಒಂದು ಕಡೆ ರೋಮ ಕಿತ್ತು ಕೆಂಪಾಗಿತ್ತು, ಇನ್ನೇನೂ ಆಗಿರಲಿಲ್ಲ. ಗೇಣಪ್ಪನವರು ತಟ್ಟೆ ತುಂಬ ಊಟ ತಂದಿಟ್ಟರು. ಅದು ತಿನ್ನುವುದನ್ನು ಅಂದು ಗೋಡೆ ನೋಡದೆ, ನಾಯಿಯನ್ನೇ ನೋಡುತ್ತ ಪಕ್ಕದಲ್ಲಿ ಕೂತರು. ತಟ್ಟೆ ಖಾಲಿಯಾಗಿ ಅದು ಎಂದಿನಂತೆ ಮುಖ ಎತ್ತಿದಾಗ, ನಾವಿಬ್ಬರು ಅಲ್ಲಿದ್ದೇವೆಂಬುದನ್ನು ಮರೆತವರಂತೆ ಅದಕ್ಕೆ ಹೇಳಿದರು.

"ಗೊತ್ತಾಗಲಿಲ್ಲ ಕಣೋ. ದಿನಾ ಕೈಯಲ್ಲೇ ಇತ್ತಲ್ಲ."

ಹೇಳಿದ ಮೇಲೆ ಆ ಮಾತು ಎಲ್ಲಿಯದೆಂದು ಅವರಿಗೇ ಕೇಳಿಸಿರಬೇಕು. ತಲೆ ಎತ್ತಿ ನನ್ನನ್ನು ನೋಡಿದರು.

ಅಂಗೈಯ ಚರ್ಮದಡಿಯ ಪದರ ಗಂಟುಕಟ್ಟಿ, ಹುರಿಯಾಗಿ, ಬೆರಳುಗಳನ್ನು ಒಳಕ್ಕೆ ಎಳೆದುಕೊಳ್ಳುವ ಕಾಯಿಲೆಯಂತೆ ಅದು. ನೋವಿಲ್ಲ, ಬಾವಿಲ್ಲ; ವರ್ಷಾನುಗಟ್ಟಲೆ ತೆಗೆದುಕೊಂಡು ಸದ್ದಿಲ್ಲದೆ ಬರುತ್ತದೆ. ಬಲಗೈಗೆ ಬಂದವರಿಗೂ ಬಹುಕಾಲ ತಿಳಿಯುವುದಿಲ್ಲವೆಂದು ಡಾಕ್ಟರು ಸಮಾಧಾನ ಹೇಳಿದರು. ಆ ಸಮಾಧಾನ ಅವರಿಗೆ ಹಿಡಿಸಲಿಲ್ಲ. ಕೊಯ್ದು ಸರಿಪಡಿಸಿದರು, ಕಿರುಬೆರಳು ಪೂರ್ತಿ ನೆಟ್ಟಗಾಗಲಿಲ್ಲ, ಮುಕ್ಕಾಲು ಬಂತು. ಮತ್ತೆ ಬಾಗಲೂಬಹುದು, ನೋಡಿಕೊಳ್ಳುತ್ತಿರಿ ಎಂದರು.

"ಮೊದಲೆಲ್ಲ ಸ್ವರ್ಗಕ್ಕೆ ಮೂರೇ ಗೇಣು ಅಂತಿದ್ರಿ," ಎಂದು ಬ್ಯಾಂಡೇಜಿನ ಕೈಯಲ್ಲಿ ಕೂತ ಗಂಡನನ್ನು ಆಕೆ ನಗಿಸಲು ನೋಡಿದರು. "ಈಗ ನಿಮಗೆ ನಾಲ್ಕು ಬೇಕಾಗುತ್ತೆ."

"ಮೂರೂಮುಕ್ಕಾಲು," ಎಂದರು ಅವರು. ಮನುಷ್ಯ ಚೇತರಿಸಿಕೊಳ್ಳುತ್ತಾನೆಂದು ನಮಗೆ ಆಗ ಧೈರ್ಯ ಬಂತು.

ಬ್ಯಾಂಡೇಜು ಬಿಚ್ಚುವ ಮೊದಲೇ ಒಂದು ಸಂಜೆ ಅವರು ಒಬ್ಬರೇ ಪೇಟೆಗೆ ಹೋಗಿ ಬಂದರು. ಎಲ್ಲಿಗೆಂದು ಕೇಳಿದ್ದಕ್ಕೆ ಬಟ್ಟೆ ಅಂಗಡಿಯ ಮುದುಕನ ಬಳಿ ಎಂದರು.

"ಏನು ಮಾತಾಡಿದಿರಿ?"

"ಏನಿಲ್ಲ ಮೇಷ್ಟ್ರೇ. ಕೈ ತೋರಿಸಿದೆ. ಯಾಕೆ ಕೊಯ್ದರು ಅಂತ ಹೇಳಿದೆ."

"ಅವರೇನಂದರು?"

"ಮೊದಲು ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಟೀ ತರಿಸಿದರು."

ಈಗ ಗೇಣಪ್ಪನವರೂ ನಿವೃತ್ತರು. ಕೊನೆಯ ವರ್ಷಗಳಲ್ಲೂ ಅವರು ಸವೆದ ಕೋಲನ್ನು ಸುಮ್ಮನೆ ಬಿಟ್ಟವರಲ್ಲ. ವಶಪಡಿಸಿಕೊಳ್ಳುವುದನ್ನು ವಶಪಡಿಸಿಕೊಂಡೇ ಬಂದರು. ಆದರೆ ಅಂಗಡಿಯವನು "ಗೊತ್ತಾಗಲಿಲ್ಲ ಸ್ವಾಮಿ" ಎಂದರೆ ಸ್ಟೂಲು ಎಳೆದುಕೊಂಡು ಕೂತು "ಗೊತ್ತಾಗೋದಿಲ್ಲ, ಹೌದು" ಎನ್ನುತ್ತಿದ್ದರಂತೆ. ಮನೆಯ ಕೆಲಸ ನಿಂತಿಲ್ಲ. ಶನಿವಾರ ಬೆಳಿಗ್ಗೆ ಕೋಟು ತೊಟ್ಟು ಅಡುಗೆಮನೆಯ ಮೇಜಿನ ಬಳಿ ಬರುತ್ತಾರೆ, ಬಲ ಅಂಗೈಯನ್ನು ಮೇಜಿನ ಮೇಲೆ ಮಟ್ಟಸವಾಗಿ ಇಡುತ್ತಾರೆ, ಕಾಯುತ್ತಾರೆ. ಮನೆಯಾಕೆ ತುಟಿಯಲ್ಲಿ ಸೂಜಿ ಇಟ್ಟುಕೊಂಡೇ ಬಾಗಿ, ಅಂಗೈಯ ಕೆಳಗೆ ಬೆಳಕು ಹಾಯುತ್ತಿದೆಯೇ ಎಂದು ನೋಡುತ್ತಾರೆ. ಆಮೇಲೆ ಆ ಕೈಯ ಹಿಂಬದಿಗೆ ಸೀಮೆಸುಣ್ಣದಿಂದ ಒಂದು ಸಣ್ಣ ಗೀಟು ಹಾಕುತ್ತಾರೆ. ಅದು ಆ ವಾರದ ಮುದ್ರೆ. ಆಮೇಲೆಯೇ ಗರಗಸ. ಗುಂಡ ಈಗ ಬಹಳ ಮುದಿಯಾಗಿದೆ. ಆಕೆ ಅಂದು ಭಯಕ್ಕೆ ಕಿಂಡಿಯನ್ನು ಎಷ್ಟು ದೊಡ್ಡದಾಗಿ ಕೊಯ್ದಿದ್ದರೆಂದರೆ, ಅದು ಅರ್ಧ ಮೈ ಬಿಸಿಲಿಗೆ, ಅರ್ಧ ಮೈ ನೆರಳಿಗೆ ಹಾಕಿ ಹೊಸ್ತಿಲ ಮೇಲೇ ಮಲಗುತ್ತದೆ. ಬೆಕ್ಕು ಅದನ್ನು ದಾಟಿಕೊಂಡು ಹೋಗಿ ಬರುತ್ತದೆ. ಮೊನ್ನೆ ಗೇಣಪ್ಪನವರು ನನಗೆ ಮೂರನೆಯ ಕಪಾಟು ತಂದಿಟ್ಟರು. ನಿಘಂಟು ನೆಟ್ಟಗೆ ನಿಂತಿತು.

"ಊತ ಇಳೀತು ನೋಡಿ," ಎಂದರು.

ಲೋಕದಲ್ಲಿ ತಮ್ಮನ್ನೇ ಅಳತೆಗೋಲು ಮಾಡಿಕೊಂಡ ಜನ ಬಹಳ. ಅವರು ಕೆಟ್ಟವರಲ್ಲ, ಹೆಚ್ಚಿನವರು ಪ್ರಾಮಾಣಿಕರು, ಆದ್ದರಿಂದಲೇ ಅಪಾಯಕಾರಿಗಳು. ತಮ್ಮ ಗೇಣು ಗಿಡ್ಡವಾದಂತೆಲ್ಲ ಅವರಿಗೆ ಎದುರಿನವರು ಉದ್ದವಾಗುತ್ತಾರೆ, ಪುಸ್ತಕಗಳು ಊದಿಕೊಳ್ಳುತ್ತವೆ, ಮನೆ ಬೆಳೆಯುತ್ತದೆ. ಪ್ರೀತಿಯಿಂದಲೇ ಅವರು ಹತ್ತಿರದವರ ತಟ್ಟೆಯನ್ನು ಅರ್ಧ ಮಾಡುತ್ತಾರೆ. ನಾನೂ ಆ ಜನರ ನಡುವೆಯೇ ಬದುಕಿದವನು. ಆದರೆ ಪ್ರತಿ ಶನಿವಾರ ಬೆಳಿಗ್ಗೆ ಅಂಗೈಯನ್ನು ಮೇಜಿನ ಮೇಲಿಟ್ಟು, ಕೆಳಗೆ ಬೆಳಕು ಕಾಣುತ್ತಿದೆಯೇ ಎಂದು ಇನ್ನೊಬ್ಬರನ್ನು ಕೇಳಿ, ಉತ್ತರಕ್ಕಾಗಿ ಕಾದು ನಿಲ್ಲುವವರನ್ನು ನಾನು ಕಂಡದ್ದು ಒಬ್ಬರನ್ನು. ಹೆಚ್ಚಿಲ್ಲ, ಕಡಿಮೆಯಿಲ್ಲ.